ಸಾಕು ಹಾವು ಮತ್ತು ಅದರ ಕಡಿತ: ಕರಾವಳಿಯ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಶಾಲೆಗಳ ಮಾಹಿತಿ ಕಾರ್ಯಕ್ರಮಗಳಲ್ಲಿ, ಪತ್ರಗಳಲ್ಲಿ ಮತ್ತು ಫೋನಿನಲ್ಲಿ ಮಂಗಳೂರು, ಉಡುಪಿ ಕಡೆಯವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲಿಯೇ ಉಳಿಸಿದ್ದೇನೆ. ಹಾವು ಸಾಕಿರಿ ಎಂದು ಯಾರನ್ನೂ ಹುರಿದುಂಬಿಸುವುದು ನನ್ನ ಉದ್ದೇಶವಲ್ಲ. ಈಗಾಗಲೇ ಸಾಕಿರುವವರ ಕೈಗೂ ಆ ಹಾವಿಗೂ ಗಾಯವಾಗಬಾರದು, ಮತ್ತು ಸಾಕು ಹಾವಿನ ಸಲಿಗೆಯಿಂದ ಯಾರೂ ಅಂಗಳದ ಹಾವಿನತ್ತ ಕೈ ಚಾಚಬಾರದು ಎಂಬುದಷ್ಟೇ ಕಾಳಜಿ.

## ಆರಂಭದ ಪ್ರಶ್ನೆಗಳು

ನಮ್ಮ ಅಡಿಕೆ ತೋಟದಲ್ಲಿ ಹಾವಿನ ಮರಿಯೊಂದು ಸಿಕ್ಕಿದೆ, ಹೆಬ್ಬಾವಿನ ಮರಿ ಅಂತ ಕಾಣ್ತದೆ. ಸಾಕಬಹುದಾ?

ಸಾಕಬಾರದು, ಮುಟ್ಟಲೂಬಾರದು. ನಮ್ಮ ನೆಲದ ಹಾವುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹೆಬ್ಬಾವು ಅದರ ಮೊದಲ ಅನುಸೂಚಿಯಲ್ಲಿದೆ. ಆ ಅನುಸೂಚಿಯ ಪ್ರಾಣಿಯನ್ನು ಹಿಡಿದು ಇಟ್ಟುಕೊಂಡವರಿಗೆ ಮೂರರಿಂದ ಏಳು ವರ್ಷಗಳವರೆಗೆ ಜೈಲು ಶಿಕ್ಷೆ ಇದೆ, ಅದರ ಜೊತೆಗೆ ಕನಿಷ್ಠ 25,000 ರೂಪಾಯಿ ದಂಡವೂ ಇದೆ.

ಕಾನೂನಿಗಿಂತ ದೊಡ್ಡ ಭಯ ಬೇರೆಯದು. ಕನ್ನಡಿ ಹಾವು ಎಂದೂ ಕರೆಯುವ ಕೊಳಕುಮಂಡಲದ ಮರಿ ನೋಡಲು ಹೆಬ್ಬಾವಿನ ಮರಿಯ ಹಾಗೆಯೇ ಇರುತ್ತದೆ: ಗಿಡ್ಡನೆಯ ದಪ್ಪ ಮೈ, ಕಂದು ಬಣ್ಣ, ಮೈತುಂಬ ಮಚ್ಚೆ. ಈ ಹಾವು ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತದೆ, ಒಂದೇ ಸಲಕ್ಕೆ ಇಪ್ಪತ್ತು ಮೂವತ್ತು ಮರಿಗಳು ಹುಟ್ಟುವುದು ಸಾಮಾನ್ಯ, ಮತ್ತು ಪ್ರತಿ ಮರಿಯೂ ಹುಟ್ಟುವಾಗಲೇ ವಿಷ ಹೊತ್ತು ಬರುತ್ತದೆ. ಸರಪಳಿಯ ಹಾಗೆ ಸಾಲಾಗಿ ಜೋಡಿಸಿದ ಅಂಡಾಕಾರದ ಮಚ್ಚೆಗಳು ಮಂಡಲದ ಗುರುತು, ಅಂಕುಡೊಂಕಾದ ತೇಪೆಗಳು ಹೆಬ್ಬಾವಿನ ಗುರುತು ಎಂದು ಹೇಳಿಕೊಡಬಹುದು. ಆದರೆ ತರಗೆಲೆಯ ನಡುವೆ, ಸಂಜೆಯ ಬೆಳಕಿನಲ್ಲಿ ಆ ವ್ಯತ್ಯಾಸವನ್ನು ನಂಬಿ ಕೈ ಹಾಕುವುದು ಪ್ರಾಣದ ಜೊತೆಗಿನ ಜೂಜು. ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸಿ.

ಹಾಗಾದರೆ ಬಾಲ್ ಪೈಥಾನ್, ಕಾರ್ನ್ ಸ್ನೇಕ್ ಎಲ್ಲ ಜನ ಸಾಕ್ತಾರಲ್ಲ, ಅದು ಹೇಗೆ?

ಅವು ಹೊರದೇಶದ ಹಾವುಗಳು. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು, ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ಭಾಗದ್ದು, ಎರಡಕ್ಕೂ ವಿಷವಿಲ್ಲ. ಬಾಲ್ ಪೈಥಾನ್ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿರುವುದರಿಂದ, 2022ರಲ್ಲಿ ತಿದ್ದುಪಡಿಯಾದ ನಮ್ಮ ಕಾಯ್ದೆಯ ನಾಲ್ಕನೆಯ ಅನುಸೂಚಿಗೆ ಒಳಪಡುತ್ತದೆ. ಅಂಥ ಜೀವಂತ ಪ್ರಾಣಿಯನ್ನು ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದ ಮೂಲಕ ನೋಂದಣಿ ಮಾಡಿಸಬೇಕು. ಅದು ಮರಿ ಮಾಡಿದರೂ, ಸತ್ತರೂ, ಬೇರೆಯವರ ಕೈಗೆ ಹೋದರೂ ತಿಳಿಸಬೇಕು. ಕಾರ್ನ್ ಸ್ನೇಕ್ ಆ ಪಟ್ಟಿಯಲ್ಲಿಲ್ಲ, ಆದರೂ ಖರೀದಿಯ ದಾಖಲೆ ನಿಮ್ಮ ಹತ್ತಿರ ಇರಲಿ. "ಕಾಗದ ಪತ್ರ ಏನೂ ಬೇಡ" ಎನ್ನುವ ಮಾರಾಟಗಾರನಿಂದ ಏನನ್ನೂ ಕೊಳ್ಳಬೇಡಿ.

ನಾಗನಿಗೆ ತನು (ಹಾಲು, ಎಳನೀರಿನ ಅರ್ಪಣೆ) ಹಾಕುವ ಮನೆ ನಮ್ಮದು. ಹಾವನ್ನು ಪೆಟ್ಟಿಗೆಯಲ್ಲಿ ಇಡುವುದು ಸರಿಯಾ?

ಕುಡುಪು, ಸುಬ್ರಹ್ಮಣ್ಯದ ನಾಗಕ್ಷೇತ್ರಗಳ ಕಡೆಗೆ ಮುಖ ಮಾಡಿ ಕೈಮುಗಿಯುವ ಮನೆಗಳಿಂದ ಈ ಪ್ರಶ್ನೆ ಬರುವುದು ಸಹಜ, ಉತ್ತರವನ್ನು ಆ ಮನೆಯವರೇ ಕಂಡುಕೊಳ್ಳಬೇಕು. ನಾನು ಹೇಳಬಹುದಾದದ್ದು ಇಷ್ಟು: ಮನೆಯವರಿಗೆಲ್ಲ ಒಪ್ಪಿಗೆ ಇಲ್ಲದಿದ್ದರೆ ತರಬೇಡಿ. ಬಾಲ್ ಪೈಥಾನ್ 20ರಿಂದ 30 ವರ್ಷ ಬದುಕುವ ಜೀವ. ಮಗ ಓದಲು ಬೆಂಗಳೂರಿಗೆ ಹೋದ ಮೇಲೆ ಅದನ್ನು ನೋಡಿಕೊಳ್ಳುವುದು ಹೆದರಿಕೆಯಿಂದಲೇ ಮುಚ್ಚಳ ತೆಗೆಯುವ ತಾಯಿ, ಮತ್ತು ಹೆದರಿದ ಕೈ ಅವಸರ ಮಾಡುವುದರಿಂದಲೇ ಅನೇಕ ಕಡಿತಗಳು ಆಗುತ್ತವೆ. ಯಾವ ಹಾವಿಗೂ ಹಾಲು ಆಹಾರವಲ್ಲ ಎಂಬುದನ್ನೂ ನೆನಪಿಡಿ.

ವಿಷ ಇಲ್ಲದ ಹಾವು ಕಚ್ಚಿದರೆ ಎಂಥ ಆಗ್ತದೆ?

ಬಾಲ್ ಪೈಥಾನಿನ ಬಾಯಲ್ಲಿ ನೂರರ ಆಸುಪಾಸು ಹಲ್ಲುಗಳಿರುತ್ತವೆ, ಎಲ್ಲವೂ ಸೂಜಿಯಷ್ಟು ತೆಳ್ಳಗೆ, ಗಂಟಲಿನ ಕಡೆಗೆ ಬಾಗಿಕೊಂಡು. ಅವು ಜಗಿಯಲು ಅಲ್ಲ, ಹಿಡಿದದ್ದು ಜಾರದಿರಲು. ಕಚ್ಚಿ ಬಿಟ್ಟ ಜಾಗದಲ್ಲಿ ಅರ್ಧಚಂದ್ರದ ಆಕಾರದಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಮೂಡುತ್ತವೆ, ಒಂದು ಕ್ಷಣದ ನಂತರ ಪ್ರತಿ ಚುಕ್ಕೆಯಿಂದ ರಕ್ತದ ಹನಿ ಮೇಲೆ ಬರುತ್ತದೆ. ನೋವಿಗಿಂತ ರಕ್ತ ಹೆಚ್ಚು ಕಾಣುವುದರಿಂದ ಜನ ಗಾಬರಿಯಾಗುತ್ತಾರೆ. ನಿಜವಾದ ಹಾನಿ ಬಹಳ ಸಲ ಕಡಿತದಿಂದಲ್ಲ, ಬೆಚ್ಚಿ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದರಿಂದ ಆಗುತ್ತದೆ. ಬಾಗಿದ ಹಲ್ಲುಗಳ ವಿರುದ್ಧ ಎಳೆದಾಗ ಚರ್ಮ ಹರಿಯುತ್ತದೆ, ಹಾವಿನ ಹಲ್ಲೂ ಮುರಿಯುತ್ತದೆ.

ಇಷ್ಟು ಪ್ರೀತಿಯಿಂದ ಸಾಕಿದ್ದೇನೆ, ಮತ್ತೂ ಯಾಕೆ ಕಚ್ಚಿತು? ದ್ವೇಷವಾ?

ಹಾವಿಗೆ ದ್ವೇಷವಿಲ್ಲ, ನಾಯಿ ತೋರಿಸುವಂಥ ಪ್ರೀತಿಯೂ ಇಲ್ಲ. ನಿಮ್ಮ ಕೈಯಿಂದ ಅಪಾಯವಿಲ್ಲ ಎಂಬ ರೂಢಿ ಮಾತ್ರ ಅದಕ್ಕೆ ಬೆಳೆಯುತ್ತದೆ, ಅದೇ ದೊಡ್ಡದು. ಸಾಕು ಹಾವಿನ ಬಹುತೇಕ ಕಡಿತಗಳಿಗೆ ಎರಡೇ ಕಾರಣ: ಹೆದರಿಕೆ ಅಥವಾ ಹಸಿವು. ಹೆದರಿದ ಹಾವು ಹೊಡೆದು ತಕ್ಷಣ ಬಿಟ್ಟು ಹಿಂದೆ ಸರಿಯುತ್ತದೆ, ಅದಕ್ಕೆ ಬೇಕಾದದ್ದು ನೀವು ದೂರ ಹೋಗುವುದು. ಆಹಾರವೆಂದು ತಿಳಿದ ಹಾವು ಕಚ್ಚಿ ಬಿಡುವುದಿಲ್ಲ, ಹಲ್ಲು ಊರಿ ಮೈಯನ್ನು ಕೈಗೆ ಸುತ್ತುತ್ತದೆ.

ಈ ಎರಡನ್ನು ಬೇರೆ ಮಾಡಿ ನೋಡಲು ಕಲಿಯುವುದೇ ಕಡಿತ ತಪ್ಪಿಸುವ ವಿದ್ಯೆಯ ಮುಕ್ಕಾಲು ಪಾಲು. ಹೆದರಿಕೆಗೆ ಮದ್ದು ಸಮಯ ಮತ್ತು ಸಮಾಧಾನ, ಹಸಿವಿನ ತಪ್ಪುಗ್ರಹಿಕೆಗೆ ಮದ್ದು ನಿಮ್ಮ ಅಭ್ಯಾಸಗಳ ಬದಲಾವಣೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಕಡಿತ ಹೆಚ್ಚುತ್ತದೆ. ಹಸಿದು ಕಾಯುತ್ತಿರುವ ಹಾವನ್ನು ಪಳಗಿಸಲೆಂದು ದಿನಕ್ಕೆರಡು ಸಲ ಎತ್ತಿಕೊಳ್ಳುವವರು ಇದ್ದಾರೆ, ಅವರ ಬೆರಳುಗಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

## ಕೈಗೆ ತೆಗೆದುಕೊಳ್ಳುವ ಮೊದಲು

ಕಚ್ಚುವ ಮೊದಲು ಅದು ಸೂಚನೆ ಕೊಡ್ತದಾ?

ಹೆಚ್ಚಾಗಿ ಕೊಡುತ್ತದೆ, ನಾವು ನೋಡುವುದಿಲ್ಲ ಅಷ್ಟೆ. ಮೊದಲು ನಾಲಿಗೆಯನ್ನು ಗಮನಿಸಿ. ನಿಧಾನವಾಗಿ, ಉದ್ದವಾಗಿ ಹೊರಬಂದು ಮೇಲೆ ಕೆಳಗೆ ಆಡುವ ನಾಲಿಗೆ ಕುತೂಹಲದ ಲಕ್ಷಣ, ಹಾವು ವಾಸನೆಯ ಕಣಗಳನ್ನು ಅಂಗುಳಿನ ಜೇಕಬ್ಸನ್ ಅಂಗಕ್ಕೆ ಮುಟ್ಟಿಸಿ ಸುತ್ತಲನ್ನು ಅರಿಯುತ್ತಿರುತ್ತದೆ. ಆ ನಾಲಿಗೆ ಏಕಾಏಕಿ ನಿಂತು, ತಲೆ ನಿಮ್ಮ ಕೈಯ ದಿಕ್ಕಿಗೆ ಸ್ಥಿರವಾಯಿತೆಂದರೆ ಕೈಯನ್ನು ಅಲ್ಲಿಯೇ ತಡೆಯಿರಿ. ಬಳಿಕ ಕುತ್ತಿಗೆ ಹಿಂದಕ್ಕೆ ಸರಿದು ಇಂಗ್ಲಿಷಿನ ಎಸ್ ಅಕ್ಷರದಂತೆ ಮಡಿಚಿಕೊಳ್ಳುತ್ತದೆ. ಉಸಿರು ಬಿರುಸಾಗಿ ಪಕ್ಕೆಗಳು ಉಬ್ಬಿ ತಗ್ಗುವುದು ಕಣ್ಣಿಗೇ ಕಾಣುತ್ತದೆ, ಕೆಲವು ಹಾವುಗಳು ಬುಸುಗುಟ್ಟುತ್ತವೆ, ಕಾರ್ನ್ ಸ್ನೇಕ್ ಬಾಲದ ತುದಿಯನ್ನು ನಡುಗಿಸಿ ಹಾಸಿನ ಮೇಲೆ ಸದ್ದು ಮಾಡುತ್ತದೆ. ಬಾಲ್ ಪೈಥಾನ್ ಹೆದರಿದರೆ ಕಚ್ಚುವ ಬದಲು ತಲೆಯನ್ನು ನಡುವೆ ಹುದುಗಿಸಿ ಉಂಡೆಯಾಗುವುದೇ ಹೆಚ್ಚು.

ಕುತ್ತಿಗೆ ಮಡಿಚಿದ್ದು ಕಂಡ ಮೇಲೆ ಕೈಯನ್ನು ಝಟ್ಟನೆ ಎಳೆಯಬೇಡಿ, ಆ ಚಲನೆಯೇ ಹೊಡೆತಕ್ಕೆ ಕಾರಣವಾಗಬಹುದು. ನಿಧಾನವಾಗಿ ಹಿಂದೆ ಸರಿದು, ಮುಚ್ಚಳ ಹಾಕಿ, ಆ ದಿನ ಬಿಟ್ಟುಬಿಡಿ.

ಎತ್ತಿಕೊಳ್ಳುವ ಸರಿಯಾದ ಕ್ರಮ ಯಾವುದು?

ಮೇಲಿನಿಂದ ತಲೆಯ ಕಡೆಗೆ ಕೈ ಇಳಿಸಬೇಡಿ, ಹಾವಿನ ಅನೇಕ ಶತ್ರುಗಳು ಮೇಲಿನಿಂದಲೇ ಎರಗುತ್ತವೆ. ಮೊದಲು ಸಣ್ಣ ಕೊಕ್ಕೆಯಿಂದಲೋ ಸುತ್ತಿದ ಕಾಗದದಿಂದಲೋ ಮೈಯನ್ನು ಮೃದುವಾಗಿ ಸವರಿ. ಪ್ರತಿ ಸಲವೂ ಹೀಗೆ ಮಾಡಿದರೆ, ಈ ಸ್ಪರ್ಶವಾದಾಗ ಬರುವುದು ಆಹಾರವಲ್ಲ ಎಂದು ಹಾವು ಕಲಿಯುತ್ತದೆ. ನಂತರ ಪಕ್ಕದಿಂದ ಎರಡೂ ಕೈಗಳನ್ನು ಮೈಯ ಮಧ್ಯಭಾಗದ ಕೆಳಗೆ ಜಾರಿಸಿ ಎತ್ತಿ. ತಲೆಯನ್ನು ಹಿಡಿಯಬೇಡಿ, ಬಾಲದಿಂದ ನೇತಾಡಿಸಬೇಡಿ, ನಿಮ್ಮ ಮುಖದ ಹತ್ತಿರ ತರಬೇಡಿ. ಹಿಂಜರಿಯುತ್ತ ಚಾಚಿ, ಹಿಂದೆಗೆದು, ಮತ್ತೆ ಚಾಚುವ ಕೈ ಹಾವನ್ನು ಬಹಳ ಕೆಣಕುತ್ತದೆ.

ಬಂಗುಡೆ ಕೊಯ್ದು ಬಂದು ಹಾವನ್ನು ಹಿಡಿದರೆ ತೊಂದರೆ ಉಂಟಾ?

ಬಾಲ್ ಪೈಥಾನ್ ಮತ್ತು ಕಾರ್ನ್ ಸ್ನೇಕ್ ಮೀನು ತಿನ್ನುವ ಹಾವುಗಳಲ್ಲ, ಆದ್ದರಿಂದ ಬಂಗುಡೆಗಿಂತ ಕೋಳಿ ಕತ್ತರಿಸಿದ ಕೈಯ ಬಗ್ಗೆ ಹೆಚ್ಚು ಎಚ್ಚರ ಬೇಕು. ಅದಕ್ಕಿಂತ ಅಪಾಯಕಾರಿ ಎಂದರೆ ಮೊಲ, ಹ್ಯಾಮ್‌ಸ್ಟರ್, ಬೆಕ್ಕಿನ ಮರಿ ಮುಟ್ಟಿದ ಕೈ. ಬಾಲ್ ಪೈಥಾನಿನ ತುಟಿಯ ಅಂಚಿನಲ್ಲಿ ಶಾಖ ಗ್ರಹಿಸುವ ಗುಳಿಗಳಿವೆ, ಅದರ ದೃಷ್ಟಿ ಮಂದ. ಇಲಿಯ ವಾಸನೆ ಹೊತ್ತ ಬೆಚ್ಚಗಿನ ಬೆರಳು ಕತ್ತಲಲ್ಲಿ ಮುಂದೆ ಬಂದಾಗ ಅದು ಹೊಡೆದರೆ ತಪ್ಪು ಹಾವಿನದಲ್ಲ. ಸುವಾಸನೆಯಿಲ್ಲದ ಸಾಬೂನಿನಿಂದ ಕೈ ತೊಳೆದು, ಒರೆಸಿ, ನಂತರವೇ ಮುಚ್ಚಳ ತೆಗೆಯಿರಿ.

ಇಲಿ ಕೊಡುವಾಗಲೇ ಕಚ್ಚುವುದು ಹೆಚ್ಚು ಅಂತ ಹೇಳ್ತಾರೆ. ಹೇಗೆ ಕೊಡುವುದು?

ಕೈಯಿಂದ ಎಂದಿಗೂ ಬೇಡ. ಮೊಳದುದ್ದದ ಇಕ್ಕಳ ಬಳಸಿ. ಮಂಜುಗಟ್ಟಿಸಿಟ್ಟ ಇಲಿಯನ್ನು ಪೂರ್ತಿ ಕರಗಿಸಿ, ಬಿಸಿನೀರಿನಲ್ಲಿ ಮೈ ಬೆಚ್ಚಗಾಗುವಷ್ಟು ಇಟ್ಟು, ನೀರು ಒರೆಸಿ, ಇಲಿಯ ಬಾಲವನ್ನು ಇಕ್ಕಳದಲ್ಲಿ ಹಿಡಿದು ಹಾವಿನ ಮುಂದೆ ಸ್ವಲ್ಪ ದೂರದಲ್ಲಿ ಆಡಿಸಿ. ಇಲಿಯ ಶಾಖ ಕೈಯ ಶಾಖಕ್ಕಿಂತ ಹೆಚ್ಚಿರಬೇಕು, ಇಲ್ಲದಿದ್ದರೆ ಹಾವು ಇಲಿಯನ್ನು ಬಿಟ್ಟು ಇಕ್ಕಳದ ಹಿಂದಿರುವ ಬೆರಳನ್ನು ಆರಿಸಿಕೊಳ್ಳುತ್ತದೆ. ಹಾವಿನ ಮೈಯ ಅತಿ ದಪ್ಪ ಭಾಗದಷ್ಟೇ ದಪ್ಪದ ಇಲಿ ಸಾಕು.

ಜೀವಂತ ಇಲಿ ಹಾಕುವುದನ್ನು ನಾನು ಒಪ್ಪುವುದಿಲ್ಲ, ಹೆದರಿದ ಇಲಿ ಹಾವನ್ನು ಕಚ್ಚಿ ಆಳವಾದ ಗಾಯ ಮಾಡುತ್ತದೆ. ನುಂಗಿದ ಮೇಲೆ ಕನಿಷ್ಠ 48 ಗಂಟೆ ಹಾವನ್ನು ಎತ್ತಬೇಡಿ. ಎತ್ತಿದರೆ ಕಕ್ಕಿಬಿಡಬಹುದು, ಇನ್ನೂ ಆಹಾರದ ಗುಂಗಿನಲ್ಲಿದ್ದರೆ ಕಚ್ಚಲೂಬಹುದು. ಪೆಟ್ಟಿಗೆಯ ಬಾಗಿಲು ತೆಗೆಯುವುದು ಊಟ ಕೊಡಲು ಮಾತ್ರ ಎಂದಾದರೆ, ಬಾಗಿಲಿನ ಸದ್ದೇ ಹಾವಿಗೆ ಊಟದ ಕರೆಯಾಗುತ್ತದೆ. ನೀರು ಬದಲಿಸಲು, ಶುಚಿ ಮಾಡಲು ಆಗಾಗ ತೆರೆಯುತ್ತಿರಿ.

ಕಣ್ಣು ನೀಲಿಯಾಗಿದೆ, ಮುಟ್ಟಬಾರದು ಅಂತಾರೆ. ಯಾಕೆ?

ಪೊರೆ ಬಿಡುವ ಮುನ್ನ ಹಳೆಯ ಮತ್ತು ಹೊಸ ಚರ್ಮದ ನಡುವೆ ದ್ರವ ತುಂಬುತ್ತದೆ. ರೆಪ್ಪೆಯಿಲ್ಲದ ಕಣ್ಣಿನ ಮೇಲಿನ ಪಾರದರ್ಶಕ ಹೊದಿಕೆಯೂ ಮಂಕಾಗಿ ಹಾಲುಬೆರೆತ ನೀಲಿಗೆ ತಿರುಗುತ್ತದೆ. ಆ ದಿನಗಳಲ್ಲಿ ಹಾವಿಗೆ ಸರಿಯಾಗಿ ಕಾಣುವುದಿಲ್ಲ, ಆದ್ದರಿಂದ ಸಾಧು ಹಾವೂ ಹೊಡೆಯಬಹುದು. ಪೊರೆ ಪೂರ್ತಿ ಕಳಚುವವರೆಗೆ ಬಿಡಿ.

ಹೊಸದಾಗಿ ತಂದದ್ದು, ಕೈ ತೋರಿಸಿದರೆ ಸಾಕು ಹೊಡೆಯಲಿಕ್ಕೆ ಬರ್ತದೆ.

ಅದಕ್ಕೆ ನಿಮ್ಮ ಮನೆ ಅಪರಿಚಿತ. ಒಂದು ವಾರ ಮುಟ್ಟದೆ ಬಿಡಿ, ತಪ್ಪದೆ ಎರಡು ಮೂರು ಸಲ ತಿಂದ ಮೇಲೆ ಸ್ವಲ್ಪ ಸ್ವಲ್ಪ ಹೊತ್ತು ಎತ್ತಲು ಆರಂಭಿಸಿ. ಬೆಚ್ಚಗಿನ ಬದಿಯಲ್ಲೊಂದು, ತಂಪಿನ ಬದಿಯಲ್ಲೊಂದು, ಮೈಗೆ ತಾಗಿಕೊಳ್ಳುವಷ್ಟು ಕಿರಿದಾದ ಅಡಗುತಾಣ ಇಡಿ. ಅಡಗಲು ಜಾಗವಿಲ್ಲದ ಹಾವು ಸದಾ ಯುದ್ಧಕ್ಕೆ ಸಿದ್ಧವಾಗಿರುತ್ತದೆ.

ನಮ್ಮ ಮಳೆಗಾಲಕ್ಕೂ ಹಾವಿನ ಸಿಟ್ಟಿಗೂ ಸಂಬಂಧ ಉಂಟಾ?

ಪರೋಕ್ಷವಾಗಿ ಇದೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ನಮ್ಮ ಕಡೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಹೊರದೇಶದ ಪುಸ್ತಕ ಓದಿ ಪೆಟ್ಟಿಗೆಗೆ ದಿನಾ ನೀರು ಚಿಮುಕಿಸುವವರು ಇಲ್ಲಿಯೂ ಹಾಗೆಯೇ ಮಾಡುತ್ತಾರೆ. ಹಾಸು ತೊಯ್ದು, ಹೊಟ್ಟೆಯ ಅಡಿಯ ಹುರುಪೆಗಳು ಕೊಳೆತು, ಮೂಗಿನಲ್ಲಿ ಗುಳ್ಳೆ ಕಾಣಿಸಿಕೊಂಡು ಹಾವು ಕಾಯಿಲೆ ಬೀಳುತ್ತದೆ. ನೋವಿರುವ ಹಾವನ್ನು ಎತ್ತಿದರೆ ಅದು ಕಚ್ಚುತ್ತದೆ. ಮಳೆಗಾಲದಲ್ಲಿ ನೀರು ಚಿಮುಕಿಸುವುದನ್ನು ನಿಲ್ಲಿಸಿ, ಗಾಳಿಯಾಡುವಂತೆ ಮಾಡಿ, ಹಾಸನ್ನು ಬೇಗ ಬೇಗ ಬದಲಿಸಿ. ಹೀಟ್ ಪ್ಯಾಡ್ ಬಳಸುವುದಾದರೆ ಥರ್ಮೋಸ್ಟಾಟ್ ಇಲ್ಲದೆ ಬೇಡ. ಬಾಲ್ ಪೈಥಾನಿಗೆ ಬೆಚ್ಚಗಿನ ಬದಿ 31ರಿಂದ 33 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು, ಏಪ್ರಿಲ್‌ನಲ್ಲಿ ಮಂಗಳೂರಿನ ಕೋಣೆಯೇ ಅಷ್ಟು ಬಿಸಿ ಇರುವುದರಿಂದ ಆಗ ತಂಪಿನ ಬದಿಯ ಚಿಂತೆ ಮಾಡಿ.

ಮನೆಯಲ್ಲಿ ಚಿಕ್ಕ ಮಕ್ಕಳು, ಅಜ್ಜಿ ಇದ್ದಾರೆ. ಏನು ಜಾಗ್ರತೆ ಬೇಕು?

ಪೆಟ್ಟಿಗೆಗೆ ಬೀಗ ಬೇಕು, ಭಾರದ ಕಲ್ಲು ಇಟ್ಟರೆ ಸಾಲದು. ಹಂಚಿನ ಮಾಡಿನ ಮನೆಯಲ್ಲಿ ತಪ್ಪಿಸಿಕೊಂಡ ಹಾವು ಪಕಾಸಿಗೆ ಏರಿದರೆ ಸಿಗುವುದು ಕಷ್ಟ, ಪಕ್ಕದ ಮನೆಯವರು ವಿಷದ ಹಾವೆಂದು ಹೊಡೆದು ಕೊಲ್ಲುವುದೂ ಉಂಟು. ಮಕ್ಕಳ ಕೈಗೆ ದೊಡ್ಡವರಿಲ್ಲದೆ ಕೊಡಬೇಡಿ, ಫೋಟೋಕ್ಕಾಗಿ ನೆಂಟರ ಕುತ್ತಿಗೆಗೆ ಹಾಕಬೇಡಿ. ಆರೋಗ್ಯವಾಗಿ ಕಾಣುವ ಹಾವಿನ ಮಲದಲ್ಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದು ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವೃದ್ಧರಿಗೆ ತೀವ್ರ ವಾಂತಿಭೇದಿ ತರಬಲ್ಲದು. ನೀರಿನ ಬಟ್ಟಲನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ.

## ಕಚ್ಚಿದ ಮೇಲೆ

ಕಚ್ಚಿ ಹಿಡಿದುಕೊಂಡಿದೆ, ಬಿಡುವುದೇ ಇಲ್ಲ. ಎಂಥ ಮಾಡುವುದು?

ಎಳೆಯಬೇಡಿ. ಕೈಯನ್ನು ಅಲುಗಾಡಿಸದೆ, ಹಾವಿನ ಮೈಗೆ ಆಧಾರ ಕೊಟ್ಟು ಕುಳಿತುಕೊಳ್ಳಿ. ಬೇಟೆ ಮಿಸುಕಿದಷ್ಟೂ ಅದು ಬಿಗಿಯುತ್ತದೆ. ಹೆಚ್ಚಿನ ಸಲ ತನ್ನ ತಪ್ಪು ತಿಳಿದು ತಾನಾಗಿಯೇ ಬಿಡುತ್ತದೆ. ಬಿಡದಿದ್ದರೆ ನಲ್ಲಿಯ ತಣ್ಣೀರನ್ನು ಕಚ್ಚಿದ ಜಾಗದ ಮೇಲೆ ಹರಿಯಬಿಡಿ. ಅದಕ್ಕೂ ಬಿಡದಿದ್ದರೆ ಹ್ಯಾಂಡ್ ಸ್ಯಾನಿಟೈಸರನ್ನೋ ವಿನೆಗರನ್ನೋ ಹತ್ತಿಯಲ್ಲಿ ಅದ್ದಿ ಬಾಯಿಯ ಅಂಚಿಗೆ ಮುಟ್ಟಿಸಿ, ಕಣ್ಣಿಗೆ ತಾಗದಿರಲಿ. ಸುತ್ತಿಕೊಂಡಿದ್ದರೆ ಬಾಲದ ತುದಿಯಿಂದ ಬಿಡಿಸುತ್ತಾ ಬನ್ನಿ, ತಲೆಯ ಕಡೆಯಿಂದ ಆರಂಭಿಸಿದರೆ ಬಿಗಿತ ಹೆಚ್ಚುತ್ತದೆ. ಬಾಯಿ ಸಡಿಲವಾದಾಗ ತಲೆಯನ್ನು ಮೊದಲು ಸ್ವಲ್ಪ ಮುಂದಕ್ಕೆ ತಳ್ಳಿ ಬಳಿಕ ಎತ್ತಿದರೆ ಬಾಗಿದ ಹಲ್ಲುಗಳು ಚರ್ಮ ಹರಿಯದೆ ಹೊರಬರುತ್ತವೆ.

ಡಾಕ್ಟರ ಹತ್ತಿರ ಹೋಗಬೇಕಾ?

ವಿಷವಿಲ್ಲದ ನಿಮ್ಮದೇ ಹಾವು ಕಚ್ಚಿದ್ದು ಖಚಿತವಿದ್ದರೆ ಸಾಬೂನು ಮತ್ತು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ನಂಜುನಿವಾರಕ ಹಚ್ಚಿ. ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತೆಂದು ನೆನಪಿಲ್ಲದಿದ್ದರೆ ವೈದ್ಯರನ್ನು ಕೇಳಿ. ಗಾಯ ಮುಖ, ಕಣ್ಣು ಅಥವಾ ಬೆರಳಿನ ಗಂಟಿನಲ್ಲಿದ್ದರೆ, ಮುರಿದ ಹಲ್ಲು ಒಳಗುಳಿದಿದ್ದರೆ, ಒಂದೆರಡು ದಿನಗಳಲ್ಲಿ ಕೆಂಪು, ಕೀವು, ಜ್ವರ ಕಾಣಿಸಿಕೊಂಡರೆ, ಅಥವಾ ನಿಮಗೆ ಸಕ್ಕರೆ ಕಾಯಿಲೆ ಇದ್ದರೆ ತಡಮಾಡದೆ ತೋರಿಸಿ.

ರಾತ್ರಿ ಏನೋ ಕಚ್ಚಿತು. ನಮ್ಮ ಹಾವೇ ತಪ್ಪಿಸಿಕೊಂಡು ಕಚ್ಚಿದ್ದಾ, ಹೊರಗಿನದ್ದಾ ಗೊತ್ತಿಲ್ಲ.

ಹೊರಗಿನದ್ದೆಂದೇ ತಿಳಿದು ಹೊರಡಿ. ಸಾಕು ಹಾವು ಇರುವ ಮನೆಯ ಅತಿ ದೊಡ್ಡ ಅಪಾಯ ಇದೇ ಎಂದು ನನ್ನ ಅಭಿಪ್ರಾಯ: "ನಮ್ಮದೇ ಇರಬೇಕು" ಎಂಬ ಸಮಾಧಾನ. ಕಟ್ಟುಹಾವು ರಾತ್ರಿ ಸಂಚರಿಸುತ್ತದೆ, ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ, ಕಡಿತದಲ್ಲಿ ನೋವಾಗಲಿ ಊತವಾಗಲಿ ಇಲ್ಲದಂತೆಯೇ ಇರುತ್ತದೆ. ಕೆಲವು ಗಂಟೆಗಳಲ್ಲಿ ಹೊಟ್ಟೆನೋವು ಬಂದು, ರೆಪ್ಪೆಗಳು ಜೋತುಬಿದ್ದು, ಮಾತು ತೊದಲಿ, ಉಸಿರಾಟ ನಿಲ್ಲಬಹುದು. ವಿಷವಿಲ್ಲದ ತೋಳಹಾವು ಅದನ್ನೇ ಹೋಲುತ್ತದೆ. ತೋಳಹಾವಿನ ಬಿಳಿ ಪಟ್ಟೆಗಳು ಕುತ್ತಿಗೆಯ ಕಡೆ ಸ್ಪಷ್ಟವಾಗಿದ್ದು ಬಾಲದತ್ತ ಮಾಸುತ್ತವೆ, ಕಟ್ಟುಹಾವಿನದು ಇದಕ್ಕೆ ತಿರುಗು. ಟಾರ್ಚಿನ ಬೆಳಕಿನಲ್ಲಿ ಅದನ್ನು ಹುಡುಕುತ್ತಾ ನಿಲ್ಲಬೇಡಿ.

ಕಚ್ಚಿದ ಕೈಕಾಲಿನಿಂದ ಉಂಗುರ, ಬಳೆ, ಗಡಿಯಾರ ತೆಗೆಯಿರಿ. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕೋಲು ಕಟ್ಟಿ ಅಲುಗದಂತೆ ಮಾಡಿ, ನಡೆಸದೆ, 108 ಕರೆದು ಪ್ರತಿವಿಷ (ಆಂಟಿವೆನಮ್) ಇರುವ ಆಸ್ಪತ್ರೆಗೆ ಸಾಗಿಸಿ. ಮಂಗಳೂರಿನಲ್ಲಿ ವೆನ್ಲಾಕ್ ಜಿಲ್ಲಾ ಆಸ್ಪತ್ರೆ, ಉಡುಪಿಯಲ್ಲಿ ಜಿಲ್ಲಾ ಆಸ್ಪತ್ರೆ ಇವೆ. ಮನೆಯಲ್ಲಿ ಯಾವ ಜಾತಿಯ ಸಾಕು ಹಾವು ಇದೆ ಎಂಬುದನ್ನು ವೈದ್ಯರಿಗೆ ಮುಚ್ಚಿಡಬೇಡಿ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತ ಅಧಿಸೂಚಿತ ಕಾಯಿಲೆ, ಪ್ರಕರಣಗಳನ್ನು ಆಸ್ಪತ್ರೆಗಳು ವರದಿ ಮಾಡಬೇಕು.

ನಮ್ಮ ಕಡೆ ನಾಟಿ ಮದ್ದು ಕೊಡುವವರು ಇದ್ದಾರೆ, ಎಷ್ಟೋ ಜನ ಬದುಕಿದ್ದಾರಲ್ಲ?

ಬದುಕಿದ್ದಾರೆ, ಏಕೆಂದರೆ ಅನೇಕ ಕಡಿತಗಳು ವಿಷವಿಲ್ಲದ ಹಾವಿನವು, ಮತ್ತು ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ವಿಷ ಒಳಗೆ ಹೋದವರಿಗೆ ಪ್ರತಿವಿಷವಲ್ಲದೆ ಬೇರೆ ಮದ್ದಿಲ್ಲ. ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿತದಿಂದ ಸಾಯುತ್ತಾರೆಂಬ ಅಂದಾಜಿದೆ, ಅವರಲ್ಲಿ ಎಷ್ಟೋ ಮಂದಿ ಆಸ್ಪತ್ರೆಯನ್ನೇ ತಲುಪದವರು. ಪ್ರಾರ್ಥನೆ ಆಂಬುಲೆನ್ಸಿನ ಒಳಗೂ ನಡೆಯಲಿ.

## ಅನುಭವಿಗಳ ಪ್ರಶ್ನೆಗಳು

ಹಾಗ್‌ನೋಸ್ ಹಾವಿಗೆ ವಿಷ ಇಲ್ಲ ಅಂತ ಮಾರಿದರು, ಕೈ ಊದಿದೆ.

ಹಾಗ್‌ನೋಸ್ ಹಾವಿನ ಬಾಯಿಯ ಹಿಂಭಾಗದಲ್ಲಿ ಉದ್ದನೆಯ ಹಲ್ಲುಗಳಿವೆ, ಜೊಲ್ಲಿನಲ್ಲಿ ಸೌಮ್ಯ ವಿಷವಿದೆ. ಬಹಳ ಹೊತ್ತು ಜಗಿಯಲು ಬಿಟ್ಟರೆ ಊತ, ಗುಳ್ಳೆ, ನೋವು ಬರುತ್ತದೆ. ಇದನ್ನು ಬೇಗ ಬಿಡಿಸಬೇಕು, ಊತ ಮೇಲೇರಿದರೆ ಆಸ್ಪತ್ರೆಗೆ ಹೋಗಬೇಕು.

ಹಾವು ಎಂಟು ಅಡಿ ದಾಟಿದೆ. ಒಬ್ಬನೇ ನೋಡಿಕೊಳ್ಳಬಹುದಾ?

ಬೇಡ. ಬೋವಾ, ರೆಟಿಕ್ಯುಲೇಟೆಡ್ ಪೈಥಾನ್‌ನಂಥ ದೊಡ್ಡ ಹಾವುಗಳಲ್ಲಿ ಕಡಿತಕ್ಕಿಂತ ಸುತ್ತಿನ ಭಯ ಹೆಚ್ಚು. ಪೆಟ್ಟಿಗೆ ತೆರೆಯುವಾಗ, ವಿಶೇಷವಾಗಿ ಆಹಾರ ಕೊಡುವಾಗ, ಬಾಲದಿಂದ ಸುತ್ತು ಬಿಡಿಸಬಲ್ಲ ಇನ್ನೊಬ್ಬರು ಪಕ್ಕದಲ್ಲಿರಲೇಬೇಕು.

ವಿಷದ ಹಲ್ಲು ತೆಗೆಸಿದರೆ, ಅಥವಾ ಆಂಟಿವೆನಮ್ ತಂದಿಟ್ಟರೆ ವಿಷದ ಹಾವು ಸಾಕಬಹುದಲ್ಲ?

ಇಲ್ಲ. ಕಿತ್ತ ಹಲ್ಲಿನ ಹಿಂದೆಯೇ ಬದಲಿ ಹಲ್ಲುಗಳು ಸಿದ್ಧವಾಗಿರುತ್ತವೆ, ವಿಷಗ್ರಂಥಿ ಹಾಗೆಯೇ ಇರುತ್ತದೆ, ಜೊತೆಗೆ ಅದು ಕ್ರೂರ ಹಿಂಸೆ. ಭಾರತದ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷದಿಂದ ಮಾತ್ರ. ನಮ್ಮದೇ ತೋಟಗಳ ತರಗೆಲೆಯಲ್ಲಿರುವ ಉಬ್ಬುಮೂಗಿನ ಗುಳಿಮಂಡಲಕ್ಕೆ ಅದು ತಯಾರಾದದ್ದಲ್ಲ. ಹೊರದೇಶದ ವಿಷದ ಹಾವು ಕಚ್ಚಿದರೆ ಇಲ್ಲಿ ಕೊಡಲು ಮದ್ದೇ ಇರುವುದಿಲ್ಲ. ಆಂಟಿವೆನಮ್ ಮನೆಯಲ್ಲಿ ಚುಚ್ಚಿಕೊಳ್ಳುವ ಔಷಧವೂ ಅಲ್ಲ, ಅದಕ್ಕೇ ತೀವ್ರ ಅಲರ್ಜಿಯಾಗಿ ಜೀವಕ್ಕೆ ಅಪಾಯ ಬರಬಹುದು.

ವರ್ಷಗಟ್ಟಲೆ ಸಾಧುವಾಗಿದ್ದ ಹಾವು ಈಗ ಮುಟ್ಟಿದರೆ ಕಚ್ಚಲು ಬರ್ತದೆ. ಏನಾಗಿರಬಹುದು?

ಮೊದಲು ಕಾಯಿಲೆಯನ್ನು ಶಂಕಿಸಿ. ನೀರಿನ ಬಟ್ಟಲಲ್ಲಿ ಮುಳುಗಿರುವ ಕಪ್ಪು ಚುಕ್ಕೆಗಳು ಉಣ್ಣಿಯಂಥ ಪರೋಪಜೀವಿಗಳಿರಬಹುದು, ಕಣ್ಣಿನ ಸುತ್ತ ಮತ್ತು ಗದ್ದದ ಅಡಿಯ ಗೆರೆಯಲ್ಲೂ ಹುಡುಕಿ. ಒಸಡು ಕೆಂಪಗಾಗಿ ಗಿಣ್ಣಿನಂಥ ಕೀವು ಕಂಡರೆ ಬಾಯಿಯ ಸೋಂಕು. ಕಣ್ಣಿನ ಮೇಲೆ ಹಳೆಯ ಪೊರೆ ಉಳಿದಿದ್ದರೆ ಅದನ್ನು ಉಗುರಿನಿಂದ ಕೀಳಬೇಡಿ. ಇವು ಯಾವುವೂ ಇಲ್ಲದಿದ್ದರೆ, ಇತ್ತೀಚೆಗೆ ಪೆಟ್ಟಿಗೆಯ ಜಾಗ, ಊಟದ ಅಂತರ, ಕೋಣೆಯ ಶಾಖ ಬದಲಾಗಿದೆಯೇ ನೋಡಿ. ಸಂತಾನದ ಋತುವಿನಲ್ಲಿ ಗಂಡು ಹಾವು ಊಟ ಬಿಟ್ಟು ಚಡಪಡಿಸುವುದೂ, ಮೊಟ್ಟೆ ಹೊತ್ತ ಹೆಣ್ಣು ಯಾರನ್ನೂ ಹತ್ತಿರ ಸೇರಿಸದಿರುವುದೂ ಇದೆ. ಎಲ್ಲ ಪಶುವೈದ್ಯರೂ ಹಾವನ್ನು ನೋಡುವುದಿಲ್ಲ, ಆದ್ದರಿಂದ ಸರೀಸೃಪಗಳನ್ನು ಪರೀಕ್ಷಿಸುವವರು ಯಾರೆಂದು ಹಾವು ತರುವ ಮೊದಲೇ ತಿಳಿದಿಟ್ಟುಕೊಳ್ಳಿ. ಕೊನೆಯ ಊಟ, ಕೊನೆಯ ಪೊರೆ ಮತ್ತು ತೂಕದ ದಿನಾಂಕಗಳನ್ನು ಬರೆದಿಟ್ಟು, ಹಾವನ್ನು ಬಟ್ಟೆಯ ಚೀಲದಲ್ಲಿ ಹಾಕಿ ಗಂಟು ಕಟ್ಟಿ, ಗಾಳಿಯಾಡುವ ಡಬ್ಬದೊಳಗೆ ಇಟ್ಟು ಕೊಂಡೊಯ್ಯಿರಿ.